ಗಣಿತಸಾರಸಂಗ್ರಹದ ಚತುರಸ್ರಸೂತ್ರಗಳು: ಆಕ್ಷೇಪ ಮತ್ತು ಪರಿಶೀಲನೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹವು ಜೈನ ಲೌಕಿಕಗಣಿತದ ಆಕರಗ್ರಂಥವೆಂಬುದು ವಿದ್ವಜ್ಜನರಿಗೆ ಸುವಿದಿತವಾಗಿದೆ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದಾಗ ಕನ್ನಡ ಲಿಪಿಯ ಪ್ರತಿಗಳೂ ಆ ಮುದ್ರಣಕ್ಕೆ ಆಧಾರವಾಗಿದ್ದವು. ೧೯೬೩ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದವೂ, ೨೦೦೦ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದವು. ಹೀಗೆ ಗ್ರಂಥವು ಸುಲಭವಾಗಿ ದೊರೆಯುವಂತಾದರೂ, ಅದರ ಕ್ಷೇತ್ರಗಣಿತವ್ಯವಹಾರದಲ್ಲಿ ಬರುವ ಚತುರಸ್ರಸೂತ್ರಗಳ ಬಗೆಗಿನ ಹಳೆಯದೊಂದು ಆಕ್ಷೇಪವು ಇನ್ನೂ ಸಮರ್ಪಕವಾಗಿ ಪರಿಶೀಲಿತವಾಗಿಲ್ಲ. ಆಕ್ಷೇಪಿಸುವವರು ಸೂತ್ರವೊಂದನ್ನೇ ಓದುತ್ತಾರೆ; ಸಮರ್ಥಿಸುವವರು ಸೂತ್ರದಲ್ಲಿಲ್ಲದ ಮಾತನ್ನು ಅದರೊಳಗೆ ಸೇರಿಸಿ ಓದುತ್ತಾರೆ. ಈ ಎರಡು ಕ್ರಮಗಳೂ ಗ್ರಂಥಕ್ಕೆ ನ್ಯಾಯವನ್ನು ಒದಗಿಸವು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಆಕ್ಷೇಪದ ಸ್ವರೂಪ

ಮಹಾವೀರಾಚಾರ್ಯರು ಚತುರಸ್ರದ ಫಲವನ್ನು ಎರಡು ಬಗೆಯಾಗಿ ಹೇಳುತ್ತಾರೆ. ಮೊದಲನೆಯದು ವ್ಯಾವಹಾರಿಕ ಫಲ: ಎದುರುಬದುರಿನ ಭುಜಗಳ ಮೊತ್ತವನ್ನು ಅರ್ಧಿಸಿ, ಬಂದ ಎರಡು ಅರ್ಧಗಳನ್ನು ಪರಸ್ಪರ ಗುಣಿಸುವುದು. ಇದು ಸ್ಥೂಲವೆಂದು ಅವರೇ ಒಪ್ಪಿದ್ದಾರೆ. ಹೊಲಗದ್ದೆಗಳ ಅಳತೆಗೆ ಸಾಕಾಗುವಷ್ಟು ಮಾತ್ರ ಇದರ ಪ್ರಯೋಜನ. ಎರಡನೆಯದು ಸೂಕ್ಷ್ಮಫಲ: ನಾಲ್ಕು ಭುಜಗಳ ಮೊತ್ತದ ಅರ್ಧವನ್ನು ನಾಲ್ಕು ಕಡೆ ಇರಿಸಿ, ಒಂದೊಂದರಿಂದ ಒಂದೊಂದು ಭುಜವನ್ನು ಕಳೆದು, ಉಳಿದ ನಾಲ್ಕನ್ನೂ ಗುಣಿಸಿ ವರ್ಗಮೂಲವನ್ನು ತೆಗೆಯುವುದು. ಇದಾದ ಬಳಿಕ ಕರ್ಣಗಳ ಸೂತ್ರ ಬರುತ್ತದೆ. ಅದರಲ್ಲಿಯೂ ಭುಜಗಳ ಘಾತಗಳಿಂದಲೇ, ಅನ್ಯಸಾಧನದ ಅಪೇಕ್ಷೆಯಿಲ್ಲದೆ, ಎರಡು ಕರ್ಣಗಳು ಸಿದ್ಧಿಸುತ್ತವೆ.

ಈ ಎರಡು ಸೂತ್ರಗಳೂ ೬೨೮ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತನು ಹೇಳಿದವುಗಳೇ ಆಗಿವೆ. ನಾಲ್ಕು ಕೋಣಗಳೂ ಒಂದೇ ವೃತ್ತದ ಪರಿಧಿಯ ಮೇಲೆ ನಿಲ್ಲುವ ಚತುರಸ್ರಕ್ಕೆ, ಅಂದರೆ ವೃತ್ತಾಂತರ್ಗತ ಚತುರಸ್ರಕ್ಕೆ ಮಾತ್ರ ಇವು ಸತ್ಯ. ಕಾರಣ ಸರಳವಾದುದು. ಮೂರು ಭುಜಗಳನ್ನು ಕೊಟ್ಟರೆ ತ್ರಿಭುಜವು ನಿಶ್ಚಿತವಾಗುತ್ತದೆ. ನಾಲ್ಕು ಭುಜಗಳನ್ನು ಕೊಟ್ಟರೆ ಚತುರಸ್ರವು ನಿಶ್ಚಿತವಾಗುವುದಿಲ್ಲ. ನಾಲ್ಕು ಕೋಲುಗಳನ್ನು ತುದಿಗಳಲ್ಲಿ ಮೊಳೆಯಿಂದ ಸೇರಿಸಿ ಒಂದು ಮೂಲೆಯನ್ನು ಎಳೆದರೆ ಭುಜಗಳು ಬದಲಾಗದೆಯೇ ಕರ್ಣಗಳೂ ಫಲವೂ ಬದಲಾಗುತ್ತವೆ. ಇಪ್ಪತ್ತೈದು ಅಳತೆಯ ನಾಲ್ಕು ಸಮಭುಜಗಳನ್ನು ತೆಗೆದುಕೊಂಡರೆ ಸೂತ್ರದಿಂದ ಫಲ ೬೨೫ ಬರುತ್ತದೆ. ಆದರೆ ಅದೇ ಭುಜಗಳಿಂದ ೩೦ ಮತ್ತು ೪೦ ಕರ್ಣಗಳುಳ್ಳ ವಜ್ರಾಕೃತಿಯನ್ನು ಕಟ್ಟಿದರೆ ಅದರ ಫಲ ೬೦೦ ಮಾತ್ರ.

ಈ ದೋಷವನ್ನು ನಮ್ಮ ದೇಶದ ಗಣಿತಜ್ಞರೇ ಮೊದಲು ಎತ್ತಿ ತೋರಿದರು. ಮಹಾಸಿದ್ಧಾಂತಕಾರನಾದ ಎರಡನೆಯ ಆರ್ಯಭಟನು, ಕರ್ಣವನ್ನು ತಿಳಿಯದೆ ಚತುರ್ಭುಜದ ಲಂಬವನ್ನೋ ಫಲವನ್ನೋ ಹೇಳಬಯಸುವವನನ್ನು ಮೂರ್ಖನೆಂದೂ ಪಿಶಾಚನೆಂದೂ ಹಳಿದನು. ೧೧೫೦ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಅದೇ ಮಾತನ್ನು ಇನ್ನಷ್ಟು ತೀಕ್ಷ್ಣಗೊಳಿಸಿ, ಲಂಬವನ್ನಾಗಲಿ ಕರ್ಣವನ್ನಾಗಲಿ ಸೂಚಿಸದೆ ಫಲವನ್ನು ಕೇಳುವವನು ಪಿಶಾಚ, ಉತ್ತರ ಹೇಳುವವನು ಅವನಿಗಿಂತಲೂ ಹೆಚ್ಚಿನವನು ಎಂಬ ಅಭಿಪ್ರಾಯವನ್ನು ಕೊಟ್ಟನು. ಭಾಸ್ಕರನು ಹೆಸರಿಸದಿದ್ದರೂ ಈ ಟೀಕೆಯ ಗುರಿಯಲ್ಲಿ ಬ್ರಹ್ಮಗುಪ್ತನೊಡನೆ ಮಹಾವೀರಾಚಾರ್ಯರೂ ಸೇರುತ್ತಾರೆ. ಆದ್ದರಿಂದ ಇದಕ್ಕೆ ಉತ್ತರವನ್ನು ಗ್ರಂಥದೊಳಗಿನಿಂದಲೇ ಹುಡುಕಬೇಕಾಗಿದೆ.

೨. ಮಿತಿಯನ್ನು ಹೇಳಿದ ಸೂತ್ರ, ಹೇಳದ ಸೂತ್ರ

ಮೊದಲು ಗಮನಿಸಬೇಕಾದುದು, ಸೂಕ್ಷ್ಮಫಲದ ಸೂತ್ರದಲ್ಲಿಯೇ ಆಚಾರ್ಯರು ಪರ್ಯಾಯವೊಂದನ್ನು ಕೊಡುತ್ತಾರೆ ಎಂಬುದು. ಮುಖ ಮತ್ತು ತಲಗಳ ಮೊತ್ತದ ಅರ್ಧವನ್ನು ಅವಲಂಬಕದಿಂದ ಗುಣಿಸಿದರೂ ಫಲ ಬರುತ್ತದೆ ಎಂದು ಹೇಳಿ, ಕೂಡಲೇ ಇದು ವಿಷಮಚತುರಸ್ರದಲ್ಲಿ ಸಲ್ಲದೆಂದು ನಿಷೇಧಿಸುತ್ತಾರೆ. ಮುಖವೂ ತಲವೂ ಸಮಾಂತರವಾಗಿರುವ ಕ್ಷೇತ್ರಕ್ಕೆ ಮಾತ್ರ ಈ ವಿಧಿ ಅನ್ವಯಿಸುವುದರಿಂದ ನಿಷೇಧವು ಯುಕ್ತವಾಗಿಯೇ ಇದೆ.

ಈ ಎರಡನೆಯ ವಿಧಿಯು ಜೈನಪರಂಪರೆಗೆ ಚಿರಪರಿಚಿತವಾದುದು. ಲೋಕದ ಘನಫಲವನ್ನು ಕಾಣುವಾಗ ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯಲ್ಲಿ ಮುಖ ಮತ್ತು ಭೂಮಿಗಳ ಮೊತ್ತದ ಅರ್ಧವನ್ನು ಎತ್ತರದಿಂದ ಗುಣಿಸುವ ಕ್ರಮವೇ ಬಳಕೆಯಲ್ಲಿದೆ. ಅಧೋಲೋಕದ ತಳ ೭ ರಜ್ಜು, ಮೇಲ್ಭಾಗ ೧ ರಜ್ಜು, ಎತ್ತರ ೭ ರಜ್ಜು. ಅರ್ಧಿಸಿದ ಮೊತ್ತ ೪ನ್ನು ೭ರಿಂದ ಗುಣಿಸಿದರೆ ೨೮, ಅದನ್ನು ೭ ರಜ್ಜುಗಳ ದಪ್ಪದಿಂದ ಗುಣಿಸಿದರೆ ೧೯೬ ಘನರಜ್ಜು. ಊರ್ಧ್ವಲೋಕವು ೧ ರಜ್ಜುವಿನಿಂದ ೫ಕ್ಕೆ ಹಿಗ್ಗಿ ಮತ್ತೆ ೧ಕ್ಕೆ ಕುಗ್ಗುವುದರಿಂದ, ಮೂರೂವರೆ ರಜ್ಜು ಎತ್ತರದ ಎರಡು ಖಂಡಗಳ ಫಲ ಒಟ್ಟು ೨೧, ಘನಫಲ ೧೪೭. ಎರಡನ್ನೂ ಕೂಡಿಸಿದರೆ ಪ್ರಸಿದ್ಧವಾದ ೩೪೩ ಘನರಜ್ಜು ದೊರೆಯುತ್ತದೆ. ಇಲ್ಲಿ ಮುಖವೂ ಭೂಮಿಯೂ ಸಮಾಂತರವಾಗಿರುವುದು ಲೋಕಾಕಾರದಿಂದಲೇ ಸಿದ್ಧ.

ಆದ್ದರಿಂದ ಮಹಾವೀರಾಚಾರ್ಯರ ಒಂದೇ ಸೂತ್ರದಲ್ಲಿ ಎರಡು ಪರಂಪರೆಗಳು ಕೂಡಿವೆಯೆಂದು ತೋರುತ್ತದೆ: ವರ್ಗಮೂಲದ ವಿಧಿಯು ಬ್ರಹ್ಮಗುಪ್ತನ ಕಡೆಯದು, ಅವಲಂಬಕದ ವಿಧಿಯು ಆಗಮಗಣಿತದಲ್ಲಿ ಬಹುಕಾಲದಿಂದ ರೂಢವಾದುದು. ಎರಡನೆಯದಕ್ಕೆ ಅವರು ಮಿತಿಯನ್ನು ಹೇಳಿದರು, ಮೊದಲನೆಯದಕ್ಕೆ ಹೇಳಲಿಲ್ಲ. ಆಕ್ಷೇಪಕರು ಇದನ್ನು ಅಜ್ಞಾನದ ಗುರುತೆಂದು ಎಣಿಸಬಹುದು. ಆದರೆ ಮಿತಿಯನ್ನು ಹೇಳುವ ಅಭ್ಯಾಸವುಳ್ಳ ಗ್ರಂಥಕಾರನು ಒಂದೆಡೆ ಹೇಳದೆ ಬಿಟ್ಟಾಗ, ಆ ಮೌನಕ್ಕೆ ಗ್ರಂಥದ ಉಳಿದ ಭಾಗದಲ್ಲಿ ಏನಾದರೂ ಆಧಾರವಿದೆಯೇ ಎಂದು ನೋಡುವುದು ವಿಮರ್ಶಕನ ಕರ್ತವ್ಯ.

೩. ಉದಾಹರಣೆಯ ಸಾಕ್ಷ್ಯ

ವಿಷಮಚತುರಸ್ರದ ಕರ್ಣಾದಿಗಳನ್ನು ಕೇಳುವಾಗ ಆಚಾರ್ಯರು ಕೊಡುವ ಉದಾಹರಣೆ ಹೀಗಿದೆ: ಒಂದು ಪಾರ್ಶ್ವಭುಜ ಹದಿಮೂರರಿಂದ ಗುಣಿಸಿದ ಹದಿನೈದು, ಇನ್ನೊಂದು ಹದಿಮೂರರಿಂದ ಗುಣಿಸಿದ ಇಪ್ಪತ್ತು, ಮುಖವು ಐದರ ಘನ, ಭೂಮಿಯು ಮುನ್ನೂರು. ಅಂದರೆ ಪಾರ್ಶ್ವಭುಜಗಳು ೧೯೫ ಮತ್ತು ೨೬೦, ಮುಖ ೧೨೫, ಭೂಮಿ ೩೦೦. ಈ ಅಂಕಗಳನ್ನು ಪರೀಕ್ಷಿಸೋಣ.

ಭುಜಗಳ ಮೊತ್ತದ ಅರ್ಧ ೪೪೦. ಒಂದೊಂದು ಭುಜವನ್ನು ಕಳೆದರೆ ೨೪೫, ೧೮೦, ೩೧೫, ೧೪೦. ಇವುಗಳ ಘಾತದ ವರ್ಗಮೂಲ ಶೇಷವಿಲ್ಲದೆ ೪೪,೧೦೦. ವ್ಯಾವಹಾರಿಕ ವಿಧಿಯಿಂದಾದರೋ ೪೮,೩೪೩¾ ಬರುತ್ತದೆ; ಸ್ಥೂಲಕ್ಕೂ ಸೂಕ್ಷ್ಮಕ್ಕೂ ಇರುವ ಅಂತರ ಇದರಿಂದ ಸ್ಪಷ್ಟ. ಕರ್ಣಸೂತ್ರದಿಂದ ೩೧೫ ಮತ್ತು ೨೮೦ ಎಂಬ ಎರಡು ಪೂರ್ಣಾಂಕಗಳು ದೊರೆಯುತ್ತವೆ. ಕರ್ಣಗಳ ಘಾತದ ಅರ್ಧವೂ ೪೪,೧೦೦ವೇ ಆಗುವುದರಿಂದ ಅವು ಒಂದನ್ನೊಂದು ಸಮಕೋಣದಲ್ಲಿ ಛೇದಿಸುತ್ತವೆ ಎಂಬುದೂ ತಿಳಿಯುತ್ತದೆ.

ಈ ಅಂಕಗಳು ಆಕಸ್ಮಿಕವಲ್ಲ. ಪ್ರತಿಯೊಂದನ್ನೂ ಐದರಿಂದ ಭಾಗಿಸಿದರೆ ೩೯, ೫೨, ೨೫, ೬೦ ಉಳಿಯುತ್ತವೆ. ಇದು ಬ್ರಹ್ಮಗುಪ್ತನ ಪರಂಪರೆಯಲ್ಲಿ ಪ್ರಸಿದ್ಧವಾದ ಕ್ಷೇತ್ರ. ೩, ೪, ೫ ಮತ್ತು ೫, ೧೨, ೧೩ ಎಂಬ ಎರಡು ಜಾತ್ಯತ್ರಿಭುಜಗಳಲ್ಲಿ ಒಂದರ ಭುಜಕೋಟಿಗಳನ್ನು ಇನ್ನೊಂದರ ಕರ್ಣದಿಂದ ಗುಣಿಸಿದರೆ ಈ ನಾಲ್ಕು ಭುಜಗಳು ಹುಟ್ಟುತ್ತವೆ. ಮಹಾವೀರಾಚಾರ್ಯರ ಜನ್ಯವ್ಯವಹಾರವು ಬೀಜಗಳಿಂದ ಇಂತಹ ಕ್ಷೇತ್ರಗಳನ್ನು ಉತ್ಪಾದಿಸುವ ಶಾಸ್ತ್ರವೇ ಆಗಿದೆ. ೨ ಮತ್ತು ೧ ಎಂಬ ಬೀಜಗಳಿಂದ ಮೊದಲ ಜನ್ಯವೂ, ೩ ಮತ್ತು ೨ ಎಂಬ ಬೀಜಗಳಿಂದ ಎರಡನೆಯದೂ ಬರುತ್ತವೆ. ಹೀಗೆ ಹುಟ್ಟಿದ ವಿಷಮಚತುರಸ್ರವು ವೃತ್ತದೊಳಗೇ ನಿಲ್ಲುತ್ತದೆ.

ಐದರಿಂದ ಗುಣಿಸಿರುವುದಕ್ಕೂ ಕಾರಣವನ್ನು ಊಹಿಸಬಹುದು. ಮೂಲಕ್ಷೇತ್ರದಲ್ಲಿ ಭೂಮಿಯ ಮೇಲಿನ ಎರಡು ಅವಲಂಬಕಗಳು ೩೭⅘ ಮತ್ತು ೪೪⅘. ಐದರಿಂದ ಗುಣಿಸಿದಾಗ ಅವು ೧೮೯ ಮತ್ತು ೨೨೪ ಎಂದು ಪೂರ್ಣಾಂಕಗಳಾಗುತ್ತವೆ. ಭೂಮಿಯ ಖಂಡಗಳಾದ ಆಬಾಧೆಗಳೂ ಒಂದು ಕಡೆಯಿಂದ ೪೮ ಮತ್ತು ೨೫೨, ಇನ್ನೊಂದು ಕಡೆಯಿಂದ ೧೩೨ ಮತ್ತು ೧೬೮ ಎಂದು ಭಿನ್ನರಹಿತವಾಗಿ ನಿಲ್ಲುತ್ತವೆ. ಕರ್ಣ, ಲಂಬ, ಆಬಾಧೆ, ಫಲ ಎಲ್ಲವೂ ಪೂರ್ಣಾಂಕವಾಗಲೆಂದು ಅಳೆದು ಆರಿಸಿದ ಉದಾಹರಣೆಯಿದು. ಕೈಗೆ ಬಂದ ನಾಲ್ಕು ಸಂಖ್ಯೆಗಳನ್ನು ಭುಜಗಳೆಂದು ಇಟ್ಟ ಲೇಖಕನಿಂದ ಇದು ಸಾಧ್ಯವಿಲ್ಲ.

೪. ಬಹಿರ್ವೃತ್ತದ ಸೂತ್ರ

ಇದಕ್ಕಿಂತಲೂ ಬಲವಾದ ಸಾಕ್ಷ್ಯವು ಅದೇ ಅಧ್ಯಾಯದ ಉತ್ತರಭಾಗದಲ್ಲಿದೆ. ಕ್ಷೇತ್ರದ ಹೊರಗೆ ಬರೆಯುವ ವೃತ್ತದ ವಿಷ್ಕಂಭವನ್ನು ಕಾಣುವ ಸೂತ್ರವನ್ನು ಆಚಾರ್ಯರು ಅಲ್ಲಿ ಹೇಳುತ್ತಾರೆ. ಚತುರಸ್ರದಲ್ಲಿ ಕರ್ಣವನ್ನು ಪಾರ್ಶ್ವಭುಜದಿಂದ ಗುಣಿಸಿ ಅವಲಂಬಕದಿಂದ ಭಾಗಿಸಬೇಕು. ತ್ರಿಭುಜದಲ್ಲಿ ಎರಡು ಭುಜಗಳ ಘಾತವನ್ನು ಲಂಬದಿಂದ ಭಾಗಿಸಬೇಕು. ಚತುರಸ್ರಕ್ಕೆ ಬಹಿರ್ವೃತ್ತವನ್ನು ವಿಧಿಸಿದ ಗ್ರಂಥಕಾರನಿಗೆ ವೃತ್ತಾಂತರ್ಗತ ಚತುರಸ್ರದ ಕಲ್ಪನೆಯೇ ಇರಲಿಲ್ಲವೆಂದು ಹೇಳುವುದು ನಿರಾಧಾರ.

ಈ ಸೂತ್ರವನ್ನು ಮೇಲಿನ ಉದಾಹರಣೆಗೆ ಅನ್ವಯಿಸಿ ನೋಡಬಹುದು. ಒಂದು ಪಾರ್ಶ್ವದಲ್ಲಿ ೧೯೫ನ್ನು ೩೧೫ರಿಂದ ಗುಣಿಸಿ ೧೮೯ರಿಂದ ಭಾಗಿಸಿದರೆ ೩೨೫. ಇನ್ನೊಂದು ಪಾರ್ಶ್ವದಲ್ಲಿ ೨೬೦ನ್ನು ೨೮೦ರಿಂದ ಗುಣಿಸಿ ೨೨೪ರಿಂದ ಭಾಗಿಸಿದರೂ ೩೨೫. ಒಂದೇ ಭೂಮಿಯ ಮೇಲೆ ನಿಂತ ಎರಡು ತ್ರಿಭುಜಗಳಿಗೂ ಒಂದೇ ವಿಷ್ಕಂಭ ಬಂದುದರಿಂದ, ಮತ್ತು ಎರಡರಲ್ಲಿಯೂ ಶಿರಃಕೋಣವು ಸಮಕೋಣಕ್ಕಿಂತ ಕಿರಿದಾಗಿರುವುದರಿಂದ, ನಾಲ್ಕು ಕೋಣಗಳೂ ಒಂದೇ ವೃತ್ತದ ಮೇಲಿವೆ. ಮುಖ ಮತ್ತು ಭೂಮಿಗಳ ವರ್ಗಗಳ ಮೊತ್ತವೂ, ಪಾರ್ಶ್ವಭುಜಗಳ ವರ್ಗಗಳ ಮೊತ್ತವೂ ೧,೦೫,೬೨೫ ಆಗಿದ್ದು, ಅದು ೩೨೫ರ ವರ್ಗವೇ ಆಗಿರುವುದು ಈ ಕ್ಷೇತ್ರದ ಇನ್ನೊಂದು ಚೆಲುವು.

ಇದೇ ಪರೀಕ್ಷೆಯನ್ನು ಮೊದಲು ಹೇಳಿದ ವಜ್ರಾಕೃತಿಗೆ ಮಾಡಿದರೆ ಏನಾಗುತ್ತದೆ? ಭುಜ ೨೫, ಕರ್ಣಗಳು ೩೦ ಮತ್ತು ೪೦, ಅವಲಂಬಕ ಎರಡು ಕಡೆಯೂ ೨೪. ಒಂದು ಕರ್ಣದಿಂದ ವಿಷ್ಕಂಭ ೩೧¼ ಎಂದೂ, ಇನ್ನೊಂದರಿಂದ ೪೧⅔ ಎಂದೂ ಬರುತ್ತದೆ. ಒಂದೇ ಕ್ಷೇತ್ರಕ್ಕೆ ಎರಡು ವಿಷ್ಕಂಭಗಳು ಬಂದವೆಂದರೆ ಅದಕ್ಕೆ ಬಹಿರ್ವೃತ್ತವೇ ಇಲ್ಲವೆಂದರ್ಥ. ಹೀಗೆ ಸೂಕ್ಷ್ಮಫಲಸೂತ್ರವು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ತಿಳಿಯುವ ಒರೆಗಲ್ಲು ಗಣಿತಸಾರಸಂಗ್ರಹದಲ್ಲಿಯೇ ಅಡಗಿದೆ. ಆದರೆ ಅದನ್ನು ಈ ಪ್ರಯೋಜನಕ್ಕೆ ಬಳಸಬೇಕೆಂದು ಆಚಾರ್ಯರು ಎಲ್ಲಿಯೂ ಹೇಳಿಲ್ಲ ಎಂಬುದನ್ನೂ ಒಪ್ಪಬೇಕು.

೫. ಭಾಸ್ಕರನ ಟೀಕೆ ಎಷ್ಟು ನ್ಯಾಯ್ಯ?

ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ೫೨, ೩೯ ಭುಜಗಳೂ, ೨೫ ಮುಖವೂ, ೬೦ ಭೂಮಿಯೂ ಉಳ್ಳ ಕ್ಷೇತ್ರವನ್ನೇ ಎತ್ತಿಕೊಂಡು, ಪೂರ್ವಾಚಾರ್ಯರು ಇದರ ಕರ್ಣಗಳನ್ನು ೫೬ ಮತ್ತು ೬೩ ಎಂದು ನಿಯತಗೊಳಿಸಿದರೆಂದು ಹೇಳಿ, ಬೇರೆ ಕರ್ಣಗಳನ್ನು ಕೇಳುತ್ತಾನೆ. ಇದು ಮಹಾವೀರಾಚಾರ್ಯರ ಉದಾಹರಣೆಯ ಐದನೆಯ ಒಂದು ಪ್ರಮಾಣದ ಕ್ಷೇತ್ರವೇ ಆಗಿದೆ. ಒಂದು ಕರ್ಣವನ್ನು ೫೬ರ ಬದಲು ೩೨ ಎಂದಿಟ್ಟರೆ ಇನ್ನೊಂದು ಕರ್ಣವು ೬೨೧ ಮತ್ತು ೨,೭೦೦ಗಳ ವರ್ಗಮೂಲಗಳ ಮೊತ್ತವಾಗುತ್ತದೆ. ಫಲವು ೧,೭೬೪ರಿಂದ ಸುಮಾರು ೧,೨೩೦ಕ್ಕೆ ಇಳಿಯುತ್ತದೆ. ಭುಜಗಳು ನಾಲ್ಕೂ ಮೊದಲಿನವೇ. ಗಣಿತದೃಷ್ಟಿಯಿಂದ ಈ ಆಕ್ಷೇಪಕ್ಕೆ ಪ್ರತ್ಯುತ್ತರವಿಲ್ಲ.

ಆದರೆ ಭಾಸ್ಕರನು ಒಂದು ಸಂಗತಿಯನ್ನು ಬಿಟ್ಟುಬಿಟ್ಟನು. ಈ ಭುಜಗಳಿಂದಾಗುವ ಅಸಂಖ್ಯ ಕ್ಷೇತ್ರಗಳಲ್ಲಿ ಪೂರ್ವಾಚಾರ್ಯರು ೫೬ ಮತ್ತು ೬೩ ಕರ್ಣಗಳುಳ್ಳ ಒಂದನ್ನೇ ಏಕೆ ಆರಿಸಿದರು ಎಂದು ಅವನು ಕೇಳಲಿಲ್ಲ. ಆ ಒಂದು ಕ್ಷೇತ್ರವು ವೃತ್ತಾಂತರ್ಗತವಾದುದು. ಆ ಭುಜಗಳಿಂದ ಕಟ್ಟಬಹುದಾದ ಎಲ್ಲ ಚತುರಸ್ರಗಳಲ್ಲಿ ಅತಿ ಹೆಚ್ಚಿನ ಫಲವುಳ್ಳದ್ದೂ ಅದೇ. ಸೂತ್ರದ ವ್ಯಾಪ್ತಿಯನ್ನು ಮೀರಿ ಅದನ್ನು ಬಳಸುವವರನ್ನು ಭಾಸ್ಕರನು ತಡೆದನು. ಸೂತ್ರದ ನಿಜವಾದ ವ್ಯಾಪ್ತಿ ಯಾವುದೆಂಬುದು ಅವನಿಂದ ಹೊರಬರಲಿಲ್ಲ. ಆ ವಿಚಾರವು ಉಪಪತ್ತಿಸಹಿತವಾಗಿ ಬಂದುದು ಕೇರಳದ ಗಣಿತಪರಂಪರೆಯಲ್ಲಿ. ಹದಿನೈದನೆಯ ಶತಮಾನದ ಪರಮೇಶ್ವರನೂ ಹದಿನಾರನೆಯ ಶತಮಾನದ ಯುಕ್ತಿಭಾಷಾಕಾರನಾದ ಜ್ಯೇಷ್ಠದೇವನೂ ಚತುರಸ್ರವನ್ನು ವೃತ್ತದೊಳಗಿಟ್ಟೇ ವಿಚಾರಿಸಿದರು.

ಹಾಗಾದರೆ ಮಹಾವೀರಾಚಾರ್ಯರ ವಿಷಯದಲ್ಲಿ ನಿರ್ಣಯವೇನು? ಸೂತ್ರದ ಶಬ್ದಗಳನ್ನಷ್ಟೇ ಹಿಡಿದರೆ ಅದು ಅತಿವ್ಯಾಪ್ತಿದೋಷವುಳ್ಳದ್ದು. ಅದನ್ನು ಮಾತ್ರ ಕಂಠಸ್ಥ ಮಾಡಿಕೊಂಡ ವಿದ್ಯಾರ್ಥಿಯು ವಜ್ರಾಕೃತಿಯ ಹೊಲಕ್ಕೆ ೬೦೦ರ ಬದಲು ೬೨೫ ಎಂದು ತಪ್ಪಾಗಿ ಅಳೆಯುವನು. ಗ್ರಂಥವನ್ನು ಸಮಗ್ರವಾಗಿ ನೋಡಿದರೆ ವಿಷಮಚತುರಸ್ರವು ಜನ್ಯವ್ಯವಹಾರದಿಂದ ಹುಟ್ಟಿದ ಕ್ಷೇತ್ರವಾಗಿ ಬರುತ್ತದೆ, ಆ ಕ್ಷೇತ್ರದಲ್ಲಿ ಸೂತ್ರವು ನಿರ್ದುಷ್ಟವಾಗಿದೆ. ಸೂತ್ರದ ಮಾತಿಗೂ ಗ್ರಂಥದ ಆಚರಣೆಗೂ ನಡುವೆ ಇರುವ ಈ ಅಂತರವನ್ನು ಇದ್ದಂತೆಯೇ ಒಪ್ಪಿಕೊಳ್ಳುವುದು ಆಚಾರ್ಯರಿಗೆ ಅಗೌರವವಲ್ಲ.

೬. ಸಂಪಾದಕರಿಗೆ ಕೆಲವು ಸೂಚನೆಗಳು

ಈ ವಿಚಾರವು ಹಸ್ತಪ್ರತಿಗಳ ಸಂಪಾದನೆಗೂ ನೇರವಾಗಿ ಸಂಬಂಧಿಸಿದೆ. ಮೊದಲನೆಯದಾಗಿ, ಅನುವಾದದಲ್ಲಿ ವೃತ್ತಾಂತರ್ಗತವೆಂಬ ವಿಶೇಷಣವನ್ನು ಮೂಲದ ಮಾತೆಂಬಂತೆ ಸೇರಿಸಬಾರದು. ಅದು ಟಿಪ್ಪಣಿಯಲ್ಲಿ ಇರತಕ್ಕದ್ದು. ಮೂಲದೊಳಗೆ ಸೇರಿದರೆ, ಒಂಬತ್ತನೆಯ ಶತಮಾನದಲ್ಲಿ ಹೇಳದೆ ಉಳಿದ ಮಾತನ್ನು ಹೇಳಿದಂತೆ ತೋರಿಸಿ, ಮುಂದಿನ ಓದುಗನಿಂದ ಪ್ರಶ್ನೆಯನ್ನೇ ಕಸಿದುಕೊಂಡಂತಾಗುತ್ತದೆ.

ಎರಡನೆಯದಾಗಿ, ಗಣಿತಗ್ರಂಥದಲ್ಲಿ ಪಾಠನಿರ್ಣಯಕ್ಕೆ ಲೆಕ್ಕವೇ ಒಂದು ಸಾಕ್ಷಿ. ೧೩ರಿಂದ ಗುಣಿಸಿದ ೧೫ರ ಸ್ಥಾನದಲ್ಲಿ ಲಿಪಿಕಾರನು ೧೬ ಎಂದು ಬರೆದಿದ್ದರೆ ಭುಜವು ೨೦೮ ಆಗಿ, ಫಲದ ವರ್ಗಮೂಲವು ಪೂರ್ಣವಾಗಿ ಹೊರಡುವುದಿಲ್ಲ. ಪಾಠವು ಅಶುದ್ಧವೆಂದು ಆಗಲೇ ತಿಳಿಯುತ್ತದೆ. ಆದರೆ ಈ ಪರೀಕ್ಷೆಗೂ ಮಿತಿಯುಂಟು. ಲಿಪಿಕಾರನು ಅಂಕವನ್ನು ಕೆಡಿಸದೆ ಸ್ಥಾನವನ್ನು ಮಾತ್ರ ಪಲ್ಲಟಗೊಳಿಸಿ, ಮುಖವನ್ನು ೧೯೫ ಎಂದೂ ಪಾರ್ಶ್ವಭುಜವನ್ನು ೧೨೫ ಎಂದೂ ಬರೆದರೆ ಫಲವು ಹಿಂದಿನಂತೆ ೪೪,೧೦೦ವೇ ಆಗಿರುತ್ತದೆ. ಆಗ ಫಲದಿಂದ ದೋಷವು ಹೊರಬೀಳದು. ಕರ್ಣಗಳನ್ನು ನೋಡಬೇಕು: ೨೮೦ ಹಾಗೆಯೇ ಉಳಿದು, ೩೧೫ರ ಬದಲು ೩೨೫ ಬರುತ್ತದೆ. ಇದೂ ಪೂರ್ಣಾಂಕವೇ ಆದ್ದರಿಂದ ಅಜಾಗರೂಕನಾದ ಸಂಪಾದಕನು ಮೋಸಹೋಗುವ ಸಂಭವವಿದೆ. ಆದರೆ ಹೊಸ ಕರ್ಣಗಳ ಘಾತದ ಅರ್ಧ ೪೫,೫೦೦. ಅದು ಫಲಕ್ಕೆ ಸಮವಲ್ಲ. ಕರ್ಣಗಳ ಸಮಕೋಣಛೇದವು ತಪ್ಪಿಹೋದುದು ಇದರಿಂದ ಗೊತ್ತಾಗುತ್ತದೆ. ಇಂತಹ ಎಡೆಯಲ್ಲಿ ಪದ್ಯದೊಳಗಿನ ಸಂಖ್ಯಾಶಬ್ದ, ಪದ್ಯದ ಕೆಳಗಿನ ಅಂಕಸ್ಥಾಪನೆ ಮತ್ತು ಕ್ಷೇತ್ರಚಿತ್ರ ಮೂರನ್ನೂ ಹೋಲಿಸಿದ ಮೇಲೆಯೇ ಪಾಠವನ್ನು ನಿಶ್ಚಯಿಸತಕ್ಕದ್ದು. ಛಂದಸ್ಸಿನ ಕಾವಲು ಸಂಖ್ಯಾಶಬ್ದಕ್ಕೆ ಇದೆ, ಅಂಕಗಳಿಗಾಗಲಿ ಚಿತ್ರಕ್ಕಾಗಲಿ ಇಲ್ಲ.

ಮೂರನೆಯದಾಗಿ, ಓಲೆಪ್ರತಿಗಳಲ್ಲಿ ಬರುವ ಕ್ಷೇತ್ರಚಿತ್ರಗಳನ್ನು ಅಲಂಕಾರವೆಂದು ಬಗೆದು ಕೈಬಿಡಬಾರದು. ಚತುರಸ್ರವನ್ನು ವೃತ್ತದೊಳಗೆ ಬರೆದಿದೆಯೇ, ಕರ್ಣಗಳನ್ನು ಎಳೆದಿದೆಯೇ, ಅವಲಂಬಕವು ಯಾವ ಕೋಣದಿಂದ ಇಳಿದಿದೆ ಎಂಬ ವಿವರಗಳು ಟೀಕಾಕಾರರೂ ಓದಿಸುವವರೂ ಸೂತ್ರವನ್ನು ಹೇಗೆ ಗ್ರಹಿಸಿದ್ದರೆಂಬುದಕ್ಕೆ ಪ್ರಮಾಣಗಳು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿದನು. ಈ ಶಾಸ್ತ್ರವು ನಮ್ಮ ನಾಡಿನಲ್ಲಿ ದೇಶಭಾಷೆಯಲ್ಲಿಯೂ ಅಧ್ಯಯನವಾಗುತ್ತಿತ್ತೆಂಬುದಕ್ಕೆ ಇದೇ ನಿದರ್ಶನ. ಆದ್ದರಿಂದ ಸಂಸ್ಕೃತಮೂಲದ ಪಾಠವನ್ನು ನಿರ್ಣಯಿಸುವಾಗ ಕನ್ನಡದ ಟೀಕೆಗಳನ್ನೂ ಗಣಿತಕೃತಿಗಳನ್ನೂ ಹೊರಗಿಡುವುದು ಉಚಿತವಲ್ಲ.

ಸೂತ್ರ, ಉದಾಹರಣೆ, ಅಂಕಸ್ಥಾಪನೆ, ಕ್ಷೇತ್ರಚಿತ್ರ ಈ ನಾಲ್ಕು ಅಂಗಗಳನ್ನು ಒಂದೆಡೆ ಇರಿಸಿ ಓದಿದಾಗ ಮಾತ್ರ ಆಚಾರ್ಯರ ಅಭಿಪ್ರಾಯವು ವ್ಯಕ್ತವಾಗುತ್ತದೆ. ಅವರ ಮೇಲಿನ ಆಕ್ಷೇಪವು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿಂದ ಮುಂದೆ ನಿಲ್ಲದು ಎಂಬುದೂ ಆಗಲೇ ನಿರ್ಣಯವಾಗುತ್ತದೆ. ಮುಂದೆ ಗಣಿತಸಾರಸಂಗ್ರಹದ ಪರಿಷ್ಕರಣಕ್ಕೆ ತೊಡಗುವ ವಿದ್ವಾಂಸರು ಕ್ಷೇತ್ರಗಣಿತವ್ಯವಹಾರದ ಪ್ರತಿಯೊಂದು ಉದಾಹರಣೆಯನ್ನೂ ಈ ಕ್ರಮದಿಂದ ಲೆಕ್ಕಮಾಡಿ, ಫಲಿತಾಂಶವನ್ನು ಪಾಠಾಂತರಗಳ ಜೊತೆಯಲ್ಲಿಯೇ ದಾಖಲಿಸುವರೆಂದು ಆಶಿಸುತ್ತೇವೆ.